ಎಡಗಿವಿಯಲ್ಲಿ ಆರ್ನೆಟ್: ಅವಾಂಗಾರ್ಡ್ ಜಾಝ್ ಮತ್ತು ಅದನ್ನು ಕೇಳಿದವರು

(ಸಂಗೀತಾಸಕ್ತರ ತಿಂಗಳ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ಧ್ವನಿಮುದ್ರಿಕೆ ಕೇಳಿಸಿದ ಕಡೆ ಇಲ್ಲಿ ಎರಡು ಮಾತು ಹೆಚ್ಚು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಒಂದೂವರೆ ನಿಮಿಷ ಏನನ್ನೋ ಕೇಳಿಸಿದೆ. ಏನದು, ಯಾರದ್ದು ಅಂತ ಹೇಳಲಿಲ್ಲ. ನೀವು ಕೇಳುತ್ತಿದ್ದಾಗ ನಾನು ನಿಮ್ಮನ್ನು ನೋಡುತ್ತಿದ್ದೆ. ಮುಂದಿನ ಸಾಲಿನಲ್ಲಿ ತೊಡೆಯ ಮೇಲೆ ತಾಳ ಹಾಕಲು ಹೊರಟ ಒಂದು ಕೈ ಮೂರು ನಾಲ್ಕು ಸಲ ಶುರು ಮಾಡಿತು, ಸಿಗಲಿಲ್ಲ, ಕೊನೆಗೆ ಸುಮ್ಮನೆ ತೊಡೆಯ ಮೇಲೆ ಕೂತಿತು. ಆ ಕೈಯೇ ಇವತ್ತಿನ ನನ್ನ ವಿಷಯ ಅಂದುಕೊಳ್ಳಿ.

ಕೇಳಿಸಿದ್ದು ‘ಲೋನ್ಲಿ ವುಮನ್’, ಅವಾಂಗಾರ್ಡ್ ಜಾಝ್, ಅಂದರೆ ರೂಢಿಯ ಕಟ್ಟುಗಳನ್ನು ಬಿಟ್ಟು ಮುಂದೆ ಹೋದ ಜಾಝ್. 1959ರ ಮೇ 22ರಂದು ಹಾಲಿವುಡ್‌ನ ಸ್ಟುಡಿಯೋ ಒಂದರಲ್ಲಿ ಮುದ್ರಣವಾದದ್ದು. ನಾಲ್ಕೇ ಜನ. ಆಲ್ಟೊ ಸ್ಯಾಕ್ಸೋಫೋನಿನಲ್ಲಿ ಆರ್ನೆಟ್ ಕೋಲ್ಮನ್, ಕಾರ್ನೆಟ್‌ನಲ್ಲಿ ಡಾನ್ ಚೆರ್ರಿ, ಡಬಲ್ ಬಾಸ್ ಚಾರ್ಲಿ ಹೇಡನ್, ಡ್ರಮ್ಸ್ ಬಿಲ್ಲಿ ಹಿಗ್ಗಿನ್ಸ್. ಮೊದಲು ಹಿಗ್ಗಿನ್ಸ್‌ನ ಸಿಂಬಲ್ ಓಡಲು ಶುರುವಾಗುತ್ತದೆ, ಬಸ್ಸು ತಪ್ಪಿಹೋಗುತ್ತದೆ ಎನ್ನುವ ಹಾಗೆ. ಅದರ ಕೆಳಗೆ ಹೇಡನ್ ಎರಡೆರಡು ತಂತಿ ಒಟ್ಟಿಗೆ ಮೀಟುತ್ತಾ ತಂಬೂರಿಯ ಹಾಗೆ ಒಂದೇ ಕಡೆ ನಿಂತಿದ್ದಾನೆ, ಅವನಿಗೆ ಯಾವ ಅವಸರವೂ ಇಲ್ಲ. ಆಮೇಲೆ ಎರಡು ಊದುವಾದ್ಯಗಳು ಬರುತ್ತವೆ. ಸಿಂಬಲ್ಲಿನ ಗತಿಗೂ ಸೇರದೆ, ಬಾಸಿನ ಗತಿಗೂ ಸೇರದೆ, ತಮಗೆ ಉಸಿರು ಎಷ್ಟಿದೆಯೋ ಅಷ್ಟು ಎಳೆದು ಹಾಡುತ್ತವೆ. ತಾಳ ಹಾಕಲು ಹೊರಟ ಕೈ ಸೋತದ್ದು ಅದಕ್ಕೇ. ತಾಳ ಇಲ್ಲ ಅಂತಲ್ಲ. ಒಂದಕ್ಕಿಂತ ಹೆಚ್ಚಿದೆ, ಮತ್ತು ಯಾವುದನ್ನು ಹಿಡಿಯಬೇಕು ಅಂತ ಯಾರೂ ನಮಗೆ ಹೇಳಿಲ್ಲ.

ಈ ಆಲ್ಬಮ್ಮಿನ ಹೆಸರು ‘ದಿ ಶೇಪ್ ಆಫ್ ಜಾಝ್ ಟು ಕಮ್’. ಮುಂದೆ ಬರಲಿರುವ ಜಾಝ್ ಹೀಗಿರುತ್ತದೆ ಎಂಬ ದೊಡ್ಡ ಘೋಷಣೆ. ಆ ಹೆಸರು ಕೋಲ್ಮನ್‌ದಲ್ಲ, ಅಟ್ಲಾಂಟಿಕ್ ಕಂಪನಿಯ ನಿರ್ಮಾಪಕ ನೆಸುಹಿ ಎರ್ಟೆಗನ್ ಒತ್ತಾಯದಿಂದ ಬಂದದ್ದು. ಕೋಲ್ಮನ್‌ಗೆ ಬೇಕಿದ್ದದ್ದು ಅದರಲ್ಲೇ ಇರುವ ಇನ್ನೊಂದು ರಚನೆಯ ಹೆಸರು, ‘ಫೋಕಸ್ ಆನ್ ಸ್ಯಾನಿಟಿ’. ಅಂದರೆ, ಬುದ್ಧಿ ಸ್ಥಿಮಿತದ ಕಡೆ ಗಮನ ಕೊಡಿ. ಮುಂದಿನ ಎರಡು ಮೂರು ವರ್ಷ ಅವನ ಬುದ್ಧಿಯ ಬಗ್ಗೆ ಜನ ಆಡಿದ ಮಾತುಗಳನ್ನು ನೋಡಿದರೆ ಆ ಹೆಸರೇ ಇದ್ದಿದ್ದರೆ ಚೆನ್ನಾಗಿತ್ತು ಅನಿಸುತ್ತದೆ.

ಈಗ ನಾನು ನಾಲ್ಕು ವಾದ್ಯ ಹೇಳಿದೆ. ಪಿಯಾನೋ ಹೇಳಲಿಲ್ಲ, ಗಮನಿಸಿದಿರಾ? ಜಾಝ್ ಗೊತ್ತಿಲ್ಲದವರಿಗೆ ಇದು ದೊಡ್ಡ ವಿಷಯ ಅನಿಸುವುದಿಲ್ಲ. ಗೊತ್ತಿದ್ದವರಿಗೆ ಗಲಾಟೆಯೆಲ್ಲ ಅಲ್ಲೇ.

ಸ್ವಲ್ಪ ವಿವರಿಸುತ್ತೇನೆ. 1940ರ ದಶಕದಲ್ಲಿ ಚಾರ್ಲಿ ಪಾರ್ಕರ್, ಡಿಝಿ ಗಿಲೆಸ್ಪಿ ಮುಂತಾದವರು ಕಟ್ಟಿದ ಬೀಬಾಪ್ ಶೈಲಿಯಲ್ಲಿ ಒಂದು ಹಾಡು ಎಂದರೆ ಬಹುಮಟ್ಟಿಗೆ 32 ಬಾರ್‌ಗಳ (ಬಾರ್ ಎಂದರೆ ಕೆಲವು ಎಣಿಕೆಗಳ ಒಂದು ತಾಳದ ಮನೆ) ಚೌಕಟ್ಟು, ಇಲ್ಲವೇ 12 ಬಾರ್‌ಗಳ ಬ್ಲೂಸ್. ಆ ಚೌಕಟ್ಟಿನ ಉದ್ದಕ್ಕೂ ಕಾರ್ಡ್‌ಗಳು ಒಂದರ ಹಿಂದೆ ಒಂದು ಬರುತ್ತವೆ. ಕಾರ್ಡ್ ಎಂದರೆ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತಿದಾಗ ಬರುವ ಸ್ವರದ ಗೊಂಚಲು. ಪಿಯಾನೋದವನು ಆ ಗೊಂಚಲುಗಳನ್ನು ಸರದಿಯ ಪ್ರಕಾರ ಬಡಿಸುತ್ತಾ ಹೋಗುತ್ತಾನೆ. ಊದುವವನು ಆಯಾ ಗೊಂಚಲಿಗೆ ಒಪ್ಪುವ ಸ್ವರಗಳನ್ನೇ ಹೆಕ್ಕಿ, ಆಶುವಾಗಿ ರಾಗ ಕಟ್ಟಬೇಕು. 32 ಬಾರ್ ಮುಗಿದರೆ ಮತ್ತೆ ಮೊದಲಿನಿಂದ. ಅದೂ ಎಂಥ ವೇಗದಲ್ಲಿ! ಈ ಸರಪಳಿಯ ಮೇಲೆ ಕಾಲು ಜಾರದೆ ಓಡುವುದೇ ವಿದ್ವತ್ತು. ಕೇಳುಗನಿಗೂ ಅಷ್ಟೇ: ಈಗ ನಾವು ಚಕ್ರದ ಯಾವ ಮನೆಯಲ್ಲಿದ್ದೇವೆ ಎಂಬುದು ಗೊತ್ತಿದ್ದರೆ ಸುಖ ದುಪ್ಪಟ್ಟು. ನಮ್ಮಲ್ಲಿ ಕಲ್ಪನಾಸ್ವರದ ಹೊತ್ತಿಗೆ ಎಡುಪಿಗೆ ಬಂದು ಬೀಳುತ್ತಾರೋ ಇಲ್ಲವೋ ಎಂದು ಉಸಿರು ಬಿಗಿಹಿಡಿದು ಕೂರುತ್ತೇವಲ್ಲ, ಹಾಗೆ.

ಕೋಲ್ಮನ್ ಆ ಸರಪಳಿಯನ್ನು ಕಳಚಿಟ್ಟ. ಹಾಡಿನ ಪಲ್ಲವಿ ನುಡಿಸೋಣ, ಅದಾದ ಮೇಲೆ ರಾಗ ಎಲ್ಲಿಗೆ ಹೋಗಬೇಕು ಅನಿಸುತ್ತದೋ ಅಲ್ಲಿಗೆ ಹೋಗಲಿ, ಬಾಸ್ ಅದನ್ನು ಕೇಳಿಕೊಂಡು ಜೊತೆಗೆ ಬರಲಿ. ರಾಗ ಕಾರ್ಡಿನ ಹಿಂದೆ ಹೋಗುವುದು ಬೇಡ, ಕಾರ್ಡು ಬೇಕಿದ್ದರೆ ರಾಗದ ಹಿಂದೆ ಬರಲಿ. ಇಷ್ಟೇ ಅವನ ಕ್ರಾಂತಿ. ಇದನ್ನು ಹೀಗೆ ಎರಡು ವಾಕ್ಯದಲ್ಲಿ ಹೇಳಿದಾಗ ಇಲ್ಲಿ ಕೂತ ಯಾರಿಗೂ ಆಘಾತ ಆಗಲಿಲ್ಲ, ನೋಡಿ. ಯಾಕೆ ಆಗಲಿಲ್ಲ ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ಆಳು ಯಾರು? 1930ರಲ್ಲಿ ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ ಹುಟ್ಟಿದ ಬಡ ಮನೆಯ ಕಪ್ಪು ಹುಡುಗ. ಬಾರುಗಳಲ್ಲಿ, ನೃತ್ಯಕೂಟಗಳಲ್ಲಿ ಬ್ಲೂಸ್ ನುಡಿಸಿ ಬೆಳೆದವನು. ಲೂಯಿಸಿಯಾನದ ಬ್ಯಾಟನ್ ರೂಜ್‌ನಲ್ಲಿ ಒಂದು ರಾತ್ರಿ ಅವನ ನುಡಿಸಾಣಿಕೆ ಹಿಡಿಸದ ಒಂದಷ್ಟು ಜನ ಅವನನ್ನು ಹೊರಗೆ ಕರೆದೊಯ್ದು ಬಡಿದರು, ವಾದ್ಯವನ್ನೂ ಹಾಳು ಮಾಡಿದರು. ವಿಮರ್ಶಕರ ಬೈಗುಳಕ್ಕೆ ಹತ್ತು ವರ್ಷ ಮುಂಚೆಯೇ ಅವನಿಗೆ ಸಿಕ್ಕ ಮೊದಲ ವಿಮರ್ಶೆ ಅದು ಅನ್ನಬಹುದು. ಆಮೇಲೆ ಲಾಸ್ ಏಂಜಲೀಸ್. ಅಲ್ಲಿ ಡಿಪಾರ್ಟ್‌ಮೆಂಟ್ ಸ್ಟೋರ್ ಒಂದರಲ್ಲಿ ಲಿಫ್ಟ್ ಓಡಿಸುವ ಕೆಲಸ. 1954ರಲ್ಲಿ ಹೊಸ ವಾದ್ಯ ಬೇಕಾಯಿತು, ಲೋಹದ ಸ್ಯಾಕ್ಸೋಫೋನಿಗೆ ದುಡ್ಡಿರಲಿಲ್ಲ. ಇಂಗ್ಲೆಂಡಿನಲ್ಲಿ ಗ್ರಾಫ್ಟನ್ ಎಂಬ ಹೆಸರಿನಲ್ಲಿ ತಯಾರಾಗುತ್ತಿದ್ದ ಬಿಳಿ ಪ್ಲಾಸ್ಟಿಕ್ಕಿನ ಆಲ್ಟೊ ಕೊಂಡ. ನೋಡಲು ಮಕ್ಕಳ ಆಟಿಕೆ. ಅದರ ನಾದ ಲೋಹದ್ದಕ್ಕಿಂತ ಒಣ, ಗಂಟಲಿಗೆ ಹೆಚ್ಚು ಹತ್ತಿರ. ಮೊದಲು ಬಡತನಕ್ಕೆ ಕೊಂಡದ್ದು, ಬರಬರುತ್ತಾ ಅವನಿಗೆ ಅದೇ ಬೇಕೆನಿಸಿತು. ಅಂದಹಾಗೆ ಚಾರ್ಲಿ ಪಾರ್ಕರ್ ಕೂಡ 1953ರಲ್ಲಿ ಟೊರಾಂಟೋದ ಮ್ಯಾಸಿ ಹಾಲ್ ಕಛೇರಿಯಲ್ಲಿ ಇದೇ ಗ್ರಾಫ್ಟನ್ ಊದಿದ್ದ. ಅವನನ್ನು ಯಾರೂ ಆಟಿಕೆಯವನು ಎನ್ನಲಿಲ್ಲ. ಕೋಲ್ಮನ್ ಬಗ್ಗೆ ಬರೆದವರಿಗೆ ಆ ಪ್ಲಾಸ್ಟಿಕ್ ಮಾತ್ರ ಬಾಯಿಗೆ ಬಂದ ತುತ್ತಾಯಿತು.

1959ರ ನವೆಂಬರ್ 17. ನ್ಯೂಯಾರ್ಕಿನ ಕೂಪರ್ ಸ್ಕ್ವೇರಿನಲ್ಲಿದ್ದ ಫೈವ್ ಸ್ಪಾಟ್ ಎಂಬ ಪುಟ್ಟ ಬಾರು. ಟರ್ಮಿನಿ ಸೋದರರದ್ದು. ಎರಡು ವರ್ಷದ ಹಿಂದೆ ಪಿಯಾನೋದ ಥೆಲೋನಿಯಸ್ ಮಂಕ್ ಜೊತೆ ಸ್ಯಾಕ್ಸೋಫೋನಿನ ಜಾನ್ ಕೋಲ್ಟ್ರೇನ್ ತಿಂಗಳುಗಟ್ಟಲೆ ನುಡಿಸಿದ್ದ ಜಾಗ, ಹಾಗಾಗಿ ಊರಿನ ಸಂಗೀತಗಾರರು, ಚಿತ್ರಕಾರರು, ಕವಿಗಳು ಸೇರುವ ಅಡ್ಡೆ. ಕೋಲ್ಮನ್ ತಂಡಕ್ಕೆ ಕೊಟ್ಟದ್ದು ಎರಡು ವಾರ. ಅದು ಬೆಳೆದು ಎರಡು ತಿಂಗಳು ದಾಟಿತು. ಊರಿಗೆ ಊರೇ ಎರಡು ಪಂಗಡ. ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ವಾದ್ಯವೃಂದದ ನಿರ್ದೇಶಕ ಲಿಯೊನಾರ್ಡ್ ಬರ್ನ್‌ಸ್ಟೈನ್ ಬಂದು ಕೇಳಿ ಮೆಚ್ಚಿದ. ಸಂಯೋಜಕ ಗುಂಥರ್ ಶುಲ್ಲರ್, ಮಾಡರ್ನ್ ಜಾಝ್ ಕ್ವಾರ್ಟೆಟ್‌ನ ಜಾನ್ ಲೂಯಿಸ್ ಮೊದಲಿನಿಂದಲೂ ಬೆನ್ನಿಗಿದ್ದರು. ಇನ್ನೊಂದು ಕಡೆ ಹಿರಿಯ ಟ್ರಂಪೆಟ್ ವಾದಕ ರಾಯ್ ಎಲ್ಡ್ರಿಜ್: ನಶೆಯಲ್ಲಿದ್ದೂ ಕೇಳಿದೆ, ಇಲ್ಲದೆಯೂ ಕೇಳಿದೆ, ಜೊತೆಗೆ ಕೂತು ನುಡಿಸಿಯೂ ನೋಡಿದೆ, ಈತ ನಮಗೆ ಟೋಪಿ ಹಾಕುತ್ತಿದ್ದಾನೆ ಎಂದ. ಟ್ರಂಪೆಟ್ಟಿನ ಇನ್ನೊಬ್ಬ ಪ್ರಸಿದ್ಧ ಮೈಲ್ಸ್ ಡೇವಿಸ್ ಅಂತೂ ಈ ಮನುಷ್ಯನ ಮನಸ್ಸಿನೊಳಗೇ ಏನೋ ಕೆಟ್ಟಿದೆ ಎಂಬರ್ಥದ ಮಾತಾಡಿದ. ಅದೇ ಮೈಲ್ಸ್ ಐದಾರು ವರ್ಷಗಳ ನಂತರ ತನ್ನ ಎರಡನೇ ಕ್ವಿಂಟೆಟ್, ಅಂದರೆ ಐವರ ತಂಡ, ಕಟ್ಟಿಕೊಂಡು, ತಾಳ ಇಟ್ಟುಕೊಂಡು ಕಾರ್ಡಿನ ಸರಪಳಿ ಬಿಟ್ಟುಕೊಟ್ಟು ನುಡಿಸತೊಡಗಿದ. ಯಾರಿಂದ ಬಂತು ಅದು ಅಂತ ಬೇರೆ ಹೇಳಬೇಕಾಗಿಲ್ಲ.

ನನಗೆ ಇಲ್ಲಿ ಒಂದು ಅನುಮಾನ. ಎಲ್ಡ್ರಿಜ್‌ನನ್ನು ಹಳೇ ಕಾಲದವನು, ಕಿವಿ ಮುಚ್ಚಿಕೊಂಡವನು ಎಂದು ಸುಮ್ಮನೆ ಪಕ್ಕಕ್ಕೆ ಸರಿಸುವುದು ಸುಲಭ. ಆದರೆ ಅವನ ಸಿಟ್ಟಿನಲ್ಲಿ ಒಂದು ನ್ಯಾಯ ಇತ್ತು. ಅವನು, ಅವನ ಓರಗೆಯವರು, ವರ್ಷಗಟ್ಟಲೆ ಬೆವರು ಸುರಿಸಿ ಕಲಿತದ್ದು ಆ ಸರಪಳಿಯ ಮೇಲಿನ ನಡಿಗೆ. ಬಿಳಿಯರ ಸಂಗೀತ ಶಾಲೆಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿದ್ದ ಕಾಲದಲ್ಲಿ ಅದೇ ಅವರ ಪದವಿ, ಅದೇ ಅವರ ಮರ್ಯಾದೆ. ಯಾವನೋ ಲಿಫ್ಟಿನ ಹುಡುಗ ಬಂದು, ಅದರ ಅಗತ್ಯವೇ ಇಲ್ಲ ಎಂದರೆ? ಮೇಲಾಗಿ ಅವನಿಗೆ ಅದು ಬರುವುದಿಲ್ಲವೋ, ಬಂದೂ ಬಿಟ್ಟನೋ ಎಂದು ತಿಳಿಯುವ ದಾರಿಯೂ ಇಲ್ಲದಿದ್ದರೆ? ಕೋಲ್ಮನ್ ಬ್ಲೂಸ್ ಕೇಳಿದವರಿಗೆ ಗೊತ್ತು, ಬಂದೂ ಬಿಟ್ಟದ್ದು ಅಂತ. ಆದರೆ ಮೊದಲ ರಾತ್ರಿ ಅದು ಹೇಗೆ ಗೊತ್ತಾಗಬೇಕು.

ಈಗ ನಮ್ಮ ವಿಷಯ. ಕಾರ್ಡಿನ ಸರಪಳಿ ಇಲ್ಲ ಎಂದರೆ ನಮಗೆ ಯಾಕೆ ಏನೂ ಅನಿಸುವುದಿಲ್ಲ? ನಮ್ಮ ಸಂಗೀತದಲ್ಲಿ ಅದು ಯಾವಾಗ ಇತ್ತು! ಒಂದೇ ಎಳೆಯ ರಾಗ, ಅದರ ಹಿಂದೆ ಶ್ರುತಿ. ನಮಗೆ ಇದು ಊಟದಷ್ಟು ಸಹಜ. 1959ರ ನ್ಯೂಯಾರ್ಕಿನವರಿಗೆ ಮನೆಯ ಕಂಬವೇ ಕಿತ್ತಂತೆ ಕಂಡದ್ದು ನಮಗೆ ಕಂಬವಾಗಿ ಕಾಣುವುದೇ ಇಲ್ಲ. ಹಾಗಂತ ನಮಗೆ ಇದು ಸುಲಭ ಅಂದುಕೊಳ್ಳಬೇಡಿ. ‘ಲೋನ್ಲಿ ವುಮನ್’ ತನಕ ಪರವಾಗಿಲ್ಲ. ಮುಂದೆ ಹೋದಾಗ ನಮ್ಮ ಕಂಬಗಳೂ ಹೋಗುತ್ತವೆ. ಶ್ರುತಿ ಹೋಗುತ್ತದೆ. ಕೋಲ್ಮನ್ ಬೇಕೆಂದೇ ಸ್ವರವನ್ನು ಒಂದಿಷ್ಟು ಮೇಲೆ, ಒಂದಿಷ್ಟು ಕೆಳಗೆ ಇಡುತ್ತಾನೆ, ನಮ್ಮ ಕಿವಿಗೆ ಅದು ಅಪಸ್ವರ. ತಾಳ ಹೋಗುತ್ತದೆ. ಅಲ್ಲಿ ನಾವು ಎಲ್ಡ್ರಿಜ್ ಆಗುತ್ತೇವೆ. ಪ್ರತಿಯೊಬ್ಬನೂ ಈ ಸಂಗೀತದ ಮುಂದೆ ತನ್ನದೇ ಮನೆಯ ಕಂಬ ಹುಡುಕುತ್ತಾನೆ, ಸಿಗದಿದ್ದಾಗ ಇದು ಸಂಗೀತವೇ ಅಲ್ಲ ಅನ್ನುತ್ತಾನೆ. ಅದೇ ಹೊತ್ತಿಗೆ ನಮ್ಮಲ್ಲೂ ನವ್ಯಕಾವ್ಯ ಅರ್ಥವಾಗುವುದಿಲ್ಲ, ಛಂದಸ್ಸಿಲ್ಲ, ಪದ್ಯವೇ ಅಲ್ಲ ಎಂಬ ಜಗಳ ನಡೆಯುತ್ತಿತ್ತಲ್ಲ. ಅಡಿಗರ ಪದ್ಯವನ್ನು ಗಟ್ಟಿಯಾಗಿ ಓದಿದವರಿಗೆ ಲಯ ಸಿಕ್ಕಿತು, ಪುಟದ ಮೇಲೆ ಪ್ರಾಸ ಹುಡುಕಿದವರಿಗೆ ಸಿಗಲಿಲ್ಲ.

1960ರ ಡಿಸೆಂಬರ್ 21ಕ್ಕೆ ಕೋಲ್ಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಎರಡು ಕ್ವಾರ್ಟೆಟ್‌ಗಳನ್ನು, ಅಂದರೆ ಎಂಟು ಜನರನ್ನು, ಒಂದೇ ಸ್ಟುಡಿಯೋದಲ್ಲಿ ಕೂರಿಸಿ ಸುಮಾರು 37 ನಿಮಿಷ ಒಂದೇ ಓಟದಲ್ಲಿ ನುಡಿಸಿದ. ಹೆಸರು ‘ಫ್ರೀ ಜಾಝ್’. ಆಲ್ಬಮ್ಮಿನ ಕವಚದ ಮೇಲೆ ಚಿತ್ರಕಾರ ಜಾಕ್ಸನ್ ಪೊಲಾಕ್‌ನ ಬಣ್ಣ ಚೆಲ್ಲಿದ ಚಿತ್ರ. ಎಲ್‌ಪಿಯ ಒಂದು ಬದಿಗೆ ಹಿಡಿಸದೆ ಮಧ್ಯೆ ಕತ್ತರಿಸಿ ಎರಡೂ ಬದಿಗೆ ಹಾಕಬೇಕಾಯಿತು. ಸ್ಟೀರಿಯೋದ ಎಡಗಡೆ ಒಂದು ತಂಡ: ಕೋಲ್ಮನ್, ಚೆರ್ರಿ, ಬಾಸ್ ಸ್ಕಾಟ್ ಲಫಾರೊ, ಡ್ರಮ್ಸ್ ಹಿಗ್ಗಿನ್ಸ್. ಬಲಗಡೆ ಇನ್ನೊಂದು: ಬಾಸ್ ಕ್ಲಾರಿನೆಟ್ ಎರಿಕ್ ಡಾಲ್ಫಿ, ಟ್ರಂಪೆಟ್ ಫ್ರೆಡ್ಡಿ ಹಬ್ಬರ್ಡ್, ಬಾಸ್ ಹೇಡನ್, ಡ್ರಮ್ಸ್ ಎಡ್ ಬ್ಲ್ಯಾಕ್‌ವೆಲ್. ಒಬ್ಬೊಬ್ಬರಿಗೂ ಮುಂದೆ ಬರುವ ಸರದಿ ಉಂಟು, ಒಂದು ಸರದಿ ಮುಗಿದು ಇನ್ನೊಂದಕ್ಕೆ ಹೋಗುವಾಗ ಬರೆದಿಟ್ಟ ಪುಟ್ಟ ತುಣುಕುಗಳುಂಟು. ಒಬ್ಬ ಮುಂದೆ ಬಂದಾಗ ಉಳಿದವರು ಸುಮ್ಮನಿರಬೇಕಿಲ್ಲ, ಏನಾದರೂ ತೋಚಿದರೆ ಬಾಯಿ ಹಾಕಬಹುದು. ನಮ್ಮ ಹಳ್ಳಿಯ ಜಗಲಿಯ ಮಾತುಕತೆಯ ಹಾಗೆ ಅನ್ನಿ. ಜಾಝ್ ಹುಟ್ಟಿದ ನ್ಯೂ ಆರ್ಲಿಯನ್ಸ್‌ನಲ್ಲೂ ಎಲ್ಲರೂ ಒಟ್ಟಿಗೆ ನುಡಿಸುವುದೇ ಪದ್ಧತಿಯಾಗಿತ್ತು. ಹೊಸದು ಎಂದು ಬೈಸಿಕೊಂಡದ್ದರಲ್ಲಿ ಅರ್ಧ ಹಳೆಯದೇ.

ಇದನ್ನು ನಾನು ಮೊದಲು ಕೇಳಿದ್ದು ಬಸ್ಸಿನಲ್ಲಿ, ಆಫೀಸಿಗೆ ಹೋಗುವಾಗ. ನನ್ನ ಇಯರ್‌ಫೋನಿನ ಎಡಗಡೆಯದು ಸತ್ತುಹೋಗಿತ್ತು. ಕಂಡಕ್ಟರ್ ಕೂಗುವುದು ಕೇಳಲು ಒಂದು ಕಿವಿ ಖಾಲಿ ಇದ್ದರೆ ಒಳ್ಳೆಯದೇ ಅಂತ ಬದಲಿಸುವ ಗೋಜಿಗೆ ಹೋಗಲಿಲ್ಲ. ಹಾಗೆ ನಾಲ್ಕೈದು ತಿಂಗಳು ‘ಫ್ರೀ ಜಾಝ್’ ಕೇಳಿದೆ. ಮಧ್ಯದಲ್ಲಿ ಒಂದು ಉದ್ದದ ಭಾಗ ಬರುತ್ತಿತ್ತು, ಸುಮಾರು ಹತ್ತು ನಿಮಿಷ. ಬರೀ ಬಾಸು, ಡ್ರಮ್ಮು. ಆಗೀಗ ಟ್ರಂಪೆಟ್ ಒಂದು ತುಣುಕು ಎಸೆದು ಹೋಗುತ್ತದೆ, ಕ್ಲಾರಿನೆಟ್ ಗೊಣಗುತ್ತದೆ, ಮತ್ತೆ ಖಾಲಿ. ನಾನು ಬೆರಗಾದೆ. ನಾಯಕನಾದವನು ಇಷ್ಟು ದೊಡ್ಡ ಜಾಗವನ್ನು ಖಾಲಿ ಬಿಟ್ಟಿದ್ದಾನಲ್ಲ, ಎಂಥ ಧೈರ್ಯ, ಎಂಥ ಮೌನ! ಇಬ್ಬರು ಸ್ನೇಹಿತರಿಗೆ ಈ ಮೌನದ ಬಗ್ಗೆ ಭಾಷಣವನ್ನೂ ಕೊಟ್ಟೆ. ಅವರಲ್ಲೊಬ್ಬ ಮನೆಗೆ ಕರೆದು ತನ್ನ ದೊಡ್ಡ ಸ್ಪೀಕರ್‌ಗಳಲ್ಲಿ ಹಾಕಿದ. ಆ ಹತ್ತು ನಿಮಿಷವೂ ಎಡಗಡೆಯ ಸ್ಪೀಕರಿನಿಂದ ಆರ್ನೆಟ್ ಕೋಲ್ಮನ್ ಎದೆ ಬಿರಿಯುವ ಹಾಗೆ ಊದುತ್ತಿದ್ದ. ಅದು ಅವನದೇ ಸರದಿ. ಸ್ನೇಹಿತ ಏನೂ ಹೇಳಲಿಲ್ಲ, ಕಾಫಿ ತರಲು ಎದ್ದು ಹೋದ.

ನನ್ನನ್ನು ನೋಡಿ ನೀವು ನಗಬಹುದು. ಆದರೆ ಎರಡೂ ಕಿವಿ ಸರಿಯಿದ್ದವರು ಏನು ಬರೆದರು ನೋಡಿ. ಅಮೆರಿಕದ ಪ್ರಮುಖ ಜಾಝ್ ಪತ್ರಿಕೆ ‘ಡೌನ್‌ಬೀಟ್’ ಆಲ್ಬಮ್ಮುಗಳಿಗೆ ಐದು ನಕ್ಷತ್ರದ ಲೆಕ್ಕದಲ್ಲಿ ಅಂಕ ಕೊಡುತ್ತದೆ. 1962ರ ಜನವರಿ 18ರ ಸಂಚಿಕೆಯಲ್ಲಿ ‘ಫ್ರೀ ಜಾಝ್’ಗೆ ಎರಡು ವಿಮರ್ಶೆ ಹಾಕಿದರು. ಪೀಟ್ ವೆಲ್ಡಿಂಗ್ ಐದಕ್ಕೆ ಐದು ಕೊಟ್ಟ. ಜಾನ್ ಟೈನನ್ ಸೊನ್ನೆ. ಒಟ್ಟಾಗಿ ನುಡಿಸುವುದಂತೆ, ಸುಳ್ಳು. ಈ ಎಂಟು ಸರ್ವನಾಶವಾದಿಗಳ ನಡುವೆ ಒಟ್ಟು ಇದ್ದದ್ದು ಎಂದರೆ ಒಂದೇ ಹೊತ್ತಿಗೆ ಒಂದೇ ಸ್ಟುಡಿಯೋದಲ್ಲಿ ಸೇರಿದ್ದು, ಮತ್ತು ತಮ್ಮನ್ನು ಹೆತ್ತ ಸಂಗೀತವನ್ನೇ ಹಾಳು ಮಾಡಲು ಹೊರಟದ್ದು ಎಂದು ಬರೆದ. ಟೈನನ್ ಬರಹ ನನಗೆ ಇವತ್ತಿಗೂ ಇಷ್ಟ, ಸುಳ್ಳು ಹೇಳುವುದಿಲ್ಲ. ಕೇಳದೆ ಬೈದವನಲ್ಲ ಅವನು. ಎರಡು ತಿಂಗಳ ಹಿಂದೆಯಷ್ಟೇ ಕೋಲ್ಟ್ರೇನ್ ಮತ್ತು ಡಾಲ್ಫಿ ನುಡಿಸಿದ್ದನ್ನು ಜಾಝ್-ವಿರೋಧಿ ಎಂದು ಕರೆದಿದ್ದವನೂ ಅವನೇ. ಅದಕ್ಕೆ ಅವರಿಬ್ಬರು ಅದೇ ಪತ್ರಿಕೆಯಲ್ಲಿ 1962ರ ಏಪ್ರಿಲ್‌ನಲ್ಲಿ ಉತ್ತರ ಕೊಟ್ಟರು, ಬಹಳ ಸೌಜನ್ಯದಿಂದ. ಡಾಲ್ಫಿ ಹಕ್ಕಿಗಳ ದನಿಯ ಬಗ್ಗೆ, ಸ್ವರಗಳ ನಡುವಿನ ಸ್ವರಗಳ ಬಗ್ಗೆ ಮಾತಾಡಿದ.

ಕೋಲ್ಟ್ರೇನ್ ಸೇರಿಕೊಂಡದ್ದರಿಂದ ಈ ಜಗಳಕ್ಕೆ ತೂಕ ಬಂತು. ಕೋಲ್ಮನ್‌ಗೆ ಕಾರ್ಡ್ ಬರುವುದಿಲ್ಲ ಎಂದು ಹೇಳಿ ಜಾರಿಕೊಳ್ಳಬಹುದಿತ್ತು, ಕೋಲ್ಟ್ರೇನ್‌ಗೆ ಹಾಗನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಕಾರ್ಡಿನ ಸರಪಳಿಯನ್ನು ಅವನಷ್ಟು ಅರೆದು ಕುಡಿದವರೇ ಇಲ್ಲ. ಅವನಿಗೆ ನಮ್ಮ ಸಂಗೀತದ ಹುಚ್ಚೂ ಇತ್ತು. 1961ರ ನವೆಂಬರಿನಲ್ಲಿ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ‘ಇಂಡಿಯಾ’ ಎಂಬ ರಚನೆ ನುಡಿಸಿದ, 1965ರಲ್ಲಿ ಹುಟ್ಟಿದ ಮಗನಿಗೆ ಪಂಡಿತ್ ರವಿಶಂಕರ್ ಮೇಲಿನ ಗೌರವಕ್ಕೆ ರವಿ ಎಂದು ಹೆಸರಿಟ್ಟ. ಅದೇ 1965ರ ಜೂನ್ 28ರಂದು ತಾನೂ ಸೇರಿ ಹನ್ನೊಂದು ಜನರ ತಂಡದೊಂದಿಗೆ ‘ಅಸೆನ್ಶನ್’ ಮುದ್ರಿಸಿದ. ನನಗೆ ಅದನ್ನು ಪೂರ್ತಿ ಒಂದೇ ಸಲಕ್ಕೆ ಕೇಳಲು ಇನ್ನೂ ಆಗುತ್ತಿಲ್ಲ. ಕೇಳುಗರ ಮಾತು ಹಾಗಿರಲಿ, ವರ್ಷಗಳಿಂದ ಅವನ ಜೊತೆಗಿದ್ದ ಪಿಯಾನೋದ ಮಕಾಯ್ ಟೈನರ್, ಡ್ರಮ್ಸ್‌ನ ಎಲ್ವಿನ್ ಜೋನ್ಸ್ ಇಬ್ಬರೂ ಕೆಲವೇ ತಿಂಗಳಲ್ಲಿ ತಂಡ ಬಿಟ್ಟರು. ವೇದಿಕೆಯ ಮೇಲೆ ನನ್ನ ಪಿಯಾನೋ ನನಗೇ ಕೇಳುತ್ತಿಲ್ಲ ಎಂಬುದು ಟೈನರ್ ದೂರು. ಅದು ನ್ಯಾಯವಾದ ದೂರೇ.

ಆಲ್ಬರ್ಟ್ ಐಲರ್ ಬಗ್ಗೆ ಒಂದು ಗಂಟೆ ಮಾತಾಡಬಹುದು, ಐದು ನಿಮಿಷ ಮಾತಾಡುತ್ತೇನೆ. ಕ್ಲೀವ್‌ಲ್ಯಾಂಡಿನವನು, 1936ರಲ್ಲಿ ಹುಟ್ಟಿದ. ಅವನ ಟೆನರ್ ಸ್ಯಾಕ್ಸೋಫೋನ್ ಕೇಳಿದರೆ ಮೊದಲು ಹೆದರಿಕೆ ಆಗುತ್ತದೆ. ಚರ್ಚಿನ ಸ್ತೋತ್ರದಂಥ, ಶಾಲೆಯ ಬ್ಯಾಂಡಿನ ಕವಾಯತಿನಂಥ, ಮಗುವೂ ಗುನುಗಬಹುದಾದ ಒಂದು ಪುಟ್ಟ ಧಾಟಿ ಹಿಡಿಯುತ್ತಾನೆ. ಎರಡು ಸಲ ನುಡಿಸಿ, ಮೂರನೇ ಸಲಕ್ಕೆ ಅದನ್ನು ಹರಿಯುತ್ತಾನೆ. ವಾದ್ಯ ಕಿರುಚುತ್ತದೆ, ಗುಟುರು ಹಾಕುತ್ತದೆ, ಒಂದೇ ಊದಿಗೆ ಎರಡು ಮೂರು ಸ್ವರ ಒಟ್ಟಿಗೆ ಸಿಡಿಯುತ್ತವೆ. ಅವನ ಡ್ರಮ್ಮಿನ ಸನ್ನಿ ಮರ್ರೆ ತಾಳವನ್ನೇ ಕೈಬಿಟ್ಟಿದ್ದಾನೆ: ಒಂದು, ಎರಡು, ಮೂರು ಎಂಬ ಎಣಿಕೆಯಿಲ್ಲ, ಮಳೆ ಜೋರಾದ ಹಾಗೆ, ಕಡಿಮೆಯಾದ ಹಾಗೆ ಸಿಂಬಲ್ ಸುರಿಯುತ್ತದೆ. 1964ರ ಜುಲೈ 10ರಂದು ಮುದ್ರಿಸಿದ ‘ಸ್ಪಿರಿಚುವಲ್ ಯುನಿಟಿ’ ಅರ್ಧ ಗಂಟೆಗಿಂತ ಸ್ವಲ್ಪ ಕಡಿಮೆ, ಮೂವರೇ ಇದ್ದಾರೆ. ಅದನ್ನು ಹೊರತಂದ ಇಎಸ್‌ಪಿ-ಡಿಸ್ಕ್ ಕಂಪನಿ ಬರ್ನಾರ್ಡ್ ಸ್ಟಾಲ್‌ಮನ್ ಎಂಬ ವಕೀಲರದ್ದು. ಎಸ್ಪೆರಾಂಟೊ ಎಂಬ, ಬೇಕೆಂದೇ ಕಟ್ಟಿದ ಭಾಷೆಯ ಪ್ರಚಾರಕ್ಕೆಂದು ಶುರುವಾಗಿ ಈ ಗದ್ದಲಕ್ಕೆ ಬಂದು ಸೇರಿತು! ನೀವು ಏನು ಕೇಳಬೇಕು ಎನ್ನುವುದನ್ನು ಕಲಾವಿದರೇ ನಿರ್ಧರಿಸುತ್ತಾರೆ ಎಂದು ಅವರ ಕವಚಗಳ ಮೇಲೆ ಅಚ್ಚಾಗುತ್ತಿತ್ತು. ಐಲರ್‌ನನ್ನು ಜಂಬದವನು ಅಂದರು, ಆಡಿಕೊಂಡರು. ಕೋಲ್ಟ್ರೇನ್ ಮಾತ್ರ ಅವನನ್ನು ತನಗಿಂತ ಮುಂದಿರುವವನ ಹಾಗೆ ಕಂಡ. 1967ರ ಜುಲೈನಲ್ಲಿ ಕೋಲ್ಟ್ರೇನ್ ನಲವತ್ತು ವಯಸ್ಸಿಗೆ ತೀರಿಕೊಂಡ. ಮ್ಯಾನ್‌ಹಾಟನ್ನಿನ ಸೇಂಟ್ ಪೀಟರ್ಸ್ ಚರ್ಚಿನಲ್ಲಿ ಜುಲೈ 21ರ ಅಂತಿಮ ಪ್ರಾರ್ಥನೆಗೆ ಐಲರ್ ತಂಡ ನುಡಿಸಿತು, ಆರ್ನೆಟ್ ಕೋಲ್ಮನ್ ತಂಡವೂ ನುಡಿಸಿತು. ಮೂರು ವರ್ಷದ ನಂತರ, 1970ರ ನವೆಂಬರಿನಲ್ಲಿ, ಐಲರ್‌ನ ದೇಹ ಈಸ್ಟ್ ನದಿಯಲ್ಲಿ ಸಿಕ್ಕಿತು. ಮೂವತ್ತನಾಲ್ಕು ವಯಸ್ಸು.

ಹೊಟ್ಟೆಪಾಡಿನ ವಿಷಯ ಹೇಳದೆ ಈ ಸಂಗೀತದ ಕಥೆ ಹೇಳುವುದು ಮೋಸ. ಜಾಝ್ ಕ್ಲಬ್ಬು ನಡೆಯುವುದು ಸಂಗೀತದ ಮೇಲಲ್ಲ, ಗ್ಲಾಸಿನ ಮೇಲೆ. ಮುಕ್ಕಾಲು ಗಂಟೆ ನುಡಿಸಿ, ಬಿಡುವು ಕೊಟ್ಟು, ಜನ ಇನ್ನೊಂದು ರೌಂಡ್ ತರಿಸಿಕೊಂಡರೆ ಮಾಲೀಕನಿಗೆ ಲಾಭ. ಸೆಸಿಲ್ ಟೇಲರ್ ಪಿಯಾನೋದ ಮುಂದೆ ಕೂತರೆ ಒಂದೇ ರಚನೆ ಒಂದು ಗಂಟೆ ದಾಟಬಹುದು. ಕೇಳಲು ಬಂದವರು ಕೇಳುತ್ತಾ ಕೂತಿರುತ್ತಾರೆ, ಕುಡಿಯುವುದನ್ನೇ ಮರೆಯುತ್ತಾರೆ. ಉಳಿದವರು ಎದ್ದು ಹೋಗುತ್ತಾರೆ. ಎರಡೂ ಮಾಲೀಕನಿಗೆ ನಷ್ಟವೇ. ಟೇಲರ್ ಸಾಮಾನ್ಯನಲ್ಲ, ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಓದಿದವನು, 1956ರಲ್ಲೇ, ಅಂದರೆ ಕೋಲ್ಮನ್‌ಗಿಂತ ಮೂರು ವರ್ಷ ಮುಂಚೆ, ಫೈವ್ ಸ್ಪಾಟ್‌ನಲ್ಲಿ ನುಡಿಸಿದ್ದವನು. ಪಿಯಾನೋದ 88 ಕೀಗಳನ್ನು ಶ್ರುತಿ ಮಾಡಿದ 88 ಡ್ರಮ್ಮುಗಳ ಹಾಗೆ ಬಾರಿಸುತ್ತಾನೆ ಎಂಬ ಬಣ್ಣನೆ ಪ್ರಸಿದ್ಧ. ಅಂಥವನು 60ರ ದಶಕದಲ್ಲಿ ಹೋಟೆಲಿನಲ್ಲಿ ಪಾತ್ರೆ ತೊಳೆದು ಬದುಕಿದ. ಕೋಲ್ಮನ್ ತನಗೂ ತಕ್ಕ ಸಂಭಾವನೆ ಬೇಕೆಂದು ಪಟ್ಟು ಹಿಡಿದ, ಕರೆಗಳು ನಿಂತವು. 1962ರ ಡಿಸೆಂಬರ್ 21ಕ್ಕೆ ನ್ಯೂಯಾರ್ಕಿನ ಟೌನ್ ಹಾಲಿನಲ್ಲಿ ತಾನೇ ಕಛೇರಿ ಏರ್ಪಡಿಸಿ ನುಡಿಸಿ, ಆಮೇಲೆ ಎರಡು ವರ್ಷ ವೇದಿಕೆಯಿಂದಲೇ ದೂರವಾದ. 1965ರ ಜನವರಿಯಲ್ಲಿ ವಾಪಸು ಬಂದಾಗ ಕೈಯಲ್ಲಿ ಟ್ರಂಪೆಟ್ಟೂ ಪಿಟೀಲೂ ಇದ್ದವು, ಎರಡನ್ನೂ ತಾನೇ ಕಲಿತದ್ದು. ಬೈಯುವವರಿಗೆ ಹೊಸ ಸಾಮಗ್ರಿ ಸಿಕ್ಕಿತು. ಅವನ ಪಿಟೀಲು ನನಗೂ ಹಿಡಿಸುವುದಿಲ್ಲ.

ಕ್ಲಬ್ಬುಗಳು ಬೇಡ ಎಂದ ಮೇಲೆ ಜಾಗ ತಾವೇ ಮಾಡಿಕೊಳ್ಳಬೇಕಾಯಿತು. 1964ರ ಅಕ್ಟೋಬರಿನಲ್ಲಿ ಟ್ರಂಪೆಟ್‌ನ ಬಿಲ್ ಡಿಕ್ಸನ್ ನ್ಯೂಯಾರ್ಕಿನ ಸೆಲ್ಲರ್ ಕೆಫೆಯಲ್ಲಿ ನಾಲ್ಕು ದಿನದ ಉತ್ಸವ ಮಾಡಿ ಅದಕ್ಕೆ ‘ಅಕ್ಟೋಬರ್ ಕ್ರಾಂತಿ’ ಎಂದು ಹೆಸರಿಟ್ಟ. 1965ರಲ್ಲಿ ಶಿಕಾಗೋದ ಕಪ್ಪು ಜನರ ಬಡಾವಣೆಯಲ್ಲಿ ಮುಹಾಲ್ ರಿಚರ್ಡ್ ಏಬ್ರಮ್ಸ್ ಮತ್ತು ಗೆಳೆಯರು ಎಎಸಿಎಂ ಎಂಬ ಸಂಘ ಕಟ್ಟಿದರು. ಬೇರೆಯವರ ಹಾಡು ನುಡಿಸುವಂತಿಲ್ಲ, ಸ್ವಂತ ರಚನೆಯನ್ನೇ ನುಡಿಸಬೇಕು. ಬಡಾವಣೆಯ ಮಕ್ಕಳಿಗೆ ಪುಕ್ಕಟೆ ಪಾಠ ಹೇಳಬೇಕು. ಅಲ್ಲಿಂದ ಬಂದ ಆರ್ಟ್ ಆನ್ಸಾಂಬಲ್ ತಂಡದವರು, ಕೆಲವರು ಮುಖಕ್ಕೆ ಬಣ್ಣವನ್ನೂ ಬಳಿದುಕೊಂಡು, ಗಂಟೆ, ಗೆಜ್ಜೆ, ಸೀಟಿ, ಆಟಿಕೆಗಳನ್ನೆಲ್ಲ ವೇದಿಕೆಯಲ್ಲಿ ಹರಡಿಕೊಂಡು ನುಡಿಸುತ್ತಿದ್ದರು. 1969ರಲ್ಲಿ ಪ್ಯಾರಿಸ್ಸಿಗೆ ಹೋದರು. ಊರಲ್ಲಿ ಕೇಳುವವರಿರಲಿಲ್ಲ, ಅಲ್ಲಿ ಜನ ಮುಗಿಬಿದ್ದರು. ಅದೇ ಸಂಘದ ಆಂಥನಿ ಬ್ರಾಕ್ಸ್ಟನ್ ಯಾವ ಪಕ್ಕವಾದ್ಯವೂ ಇಲ್ಲದೆ ಒಂಟಿ ಆಲ್ಟೊ ಸ್ಯಾಕ್ಸೋಫೋನಿನ ಎರಡು ಎಲ್‌ಪಿ ತಂದ. ಅದೇ ಕಾಲದಲ್ಲಿ ನ್ಯೂಯಾರ್ಕಿನ ವಾಷಿಂಗ್ಟನ್ ಸ್ಕ್ವೇರಿನಲ್ಲಿ ಪಣಕ್ಕೆ ಚದುರಂಗ ಆಡಿ ದುಡ್ಡು ಹುಟ್ಟಿಸುತ್ತಿದ್ದ.

ಯುರೋಪಿನ ಶಾಖೆಯ ಬಗ್ಗೆ ಇವತ್ತು ಹೆಚ್ಚು ಹೇಳುವುದಿಲ್ಲ. ಪೀಟರ್ ಬ್ರಾಟ್ಸ್‌ಮನ್ 1968ರಲ್ಲಿ ಜರ್ಮನಿಯಲ್ಲಿ ‘ಮಷೀನ್ ಗನ್’ ಮುದ್ರಿಸಿದ. ಹೆಸರೇ ಸಾಕು.

‘ಫ್ರೀ’ ಎಂಬ ಪದಕ್ಕೆ ಆ ದಶಕದಲ್ಲಿ ಸಂಗೀತದ ಅರ್ಥ ಮಾತ್ರ ಇರಲಿಲ್ಲ ಎಂಬುದನ್ನು ಮರೆಯಬಾರದು. 1963ರ ಸೆಪ್ಟೆಂಬರಿನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನ ಚರ್ಚಿನಲ್ಲಿ ಬಿಳಿಯ ದುಷ್ಕರ್ಮಿಗಳಿಟ್ಟ ಬಾಂಬಿಗೆ ನಾಲ್ಕು ಹುಡುಗಿಯರು ಸತ್ತರು, ಎರಡು ತಿಂಗಳಲ್ಲಿ ಕೋಲ್ಟ್ರೇನ್ ‘ಅಲಬಾಮಾ’ ಮುದ್ರಿಸಿದ. ಹಾಗಾಗಿ ಐಲರ್‌ನ ಕಿರುಚಾಟವನ್ನು ಬೀದಿಯ ಕೂಗು ಎಂದು ಓದಿದವರು ಬಹಳ. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ಐಲರ್ ತನ್ನ ರಚನೆಗಳಿಗೆ ಕೊಟ್ಟ ಹೆಸರು ನೋಡಿದರೆ ದೇವರು, ದೆವ್ವ, ಭೂತಪ್ರೇತ. ಅವನಿಗೆ ಚರ್ಚು ಬೀದಿಗಿಂತ ಹತ್ತಿರವಿತ್ತು.

ಮನ್ನಣೆ ಬಂತು, ತಡವಾಗಿ. 1978ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಶ್ವೇತಭವನದ ಹುಲ್ಲುಹಾಸಿನ ಮೇಲೆ ಜಾಝ್ ಕಛೇರಿ ಏರ್ಪಡಿಸಿದಾಗ ಸೆಸಿಲ್ ಟೇಲರ್ ಕೂಡ ನುಡಿಸಿದ. ಮುಗಿದ ತಕ್ಷಣ ಕಾರ್ಟರ್ ಕೂತಲ್ಲಿಂದ ಎದ್ದು ತಾವೇ ಅವನ ಹತ್ತಿರ ಹೋದರು. ಕಡಲೆಕಾಯಿ ಬೆಳೆದ ರೈತ, ನೌಕಾಪಡೆಯಲ್ಲಿದ್ದವರು. ಬೆರಳುಗಳು ಹಾಗೆ ಓಡುವುದನ್ನು ಕಣ್ಣಾರೆ ಕಂಡದ್ದೇ ಅವರಿಗೆ ಸಾಕಾಯಿತು. 2007ರಲ್ಲಿ ಕೋಲ್ಮನ್‌ನ ‘ಸೌಂಡ್ ಗ್ರಾಮರ್’ಗೆ ಅಮೆರಿಕದ ಪುಲಿಟ್ಸರ್ ಪ್ರಶಸ್ತಿ ಸಿಕ್ಕಿತು. 2013ರಲ್ಲಿ ಟೇಲರ್‌ಗೆ ಜಪಾನಿನ ಕ್ಯೋಟೋ ಪ್ರಶಸ್ತಿ. 2016ರ ಪುಲಿಟ್ಸರ್ ಎಎಸಿಎಂನ ಹೆನ್ರಿ ಥ್ರೆಡ್‌ಗಿಲ್‌ಗೆ. ಸೊನ್ನೆ ನಕ್ಷತ್ರದಿಂದ ಇಲ್ಲಿಗೆ ಬರಲು ಅರ್ಧ ಶತಮಾನ ಹಿಡಿಯಿತು. ಕ್ಲಬ್ಬಿನ ಗ್ಲಾಸಿನ ಲೆಕ್ಕ ಮಾತ್ರ ಇನ್ನೂ ಹಾಗೇ ಇದೆ.

ಕೊನೆಗೆ ನಮ್ಮೂರಿನ ಒಂದು ಎಳೆ. ಬಂಟ್ವಾಳದ ಕಡೆಯ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು, ಅದಕ್ಕೆ ಗಮಕ ಕಲಿಸಿದ ಕಥೆ ನಿಮಗೆಲ್ಲ ಗೊತ್ತು. ಅವರು ಅವಾಂಗಾರ್ಡ್ ಅಲ್ಲ, ಶುದ್ಧ ಸಂಪ್ರದಾಯದವರು. ಆದರೆ ಅವರನ್ನು ಹುಡುಕಿಕೊಂಡು ಬಂದವರಲ್ಲಿ ಅಮೆರಿಕದ ಹೊಸ ಜಾಝ್‌ನವರಿದ್ದರು. ಕೊಳಲಿನ ಜೇಮ್ಸ್ ನ್ಯೂಟನ್ ಅವರ ಜೊತೆ ಒಂದು ಆಲ್ಬಮ್ ಮಾಡಿದರು. ಕರ್ನಾಟಕ ಮೂಲದ ಮನೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಆಲ್ಟೊ ವಾದಕ ರುದ್ರೇಶ್ ಮಹಾಂತಪ್ಪ ಇನ್ನೊಬ್ಬರು. ಅಣ್ಣ ತಮಾಷೆಗೆಂದು ಕೊಟ್ಟ ಗೋಪಾಲನಾಥರ ಆಲ್ಬಮ್ ಕೇಳಿ ದಂಗಾದವರು, ಮುಂದೆ 2008ರಲ್ಲಿ ಅವರ ಜೊತೆಯೇ ‘ಕಿನ್ಸ್‌ಮೆನ್’ ತಂದರು.

ಅದಕ್ಕಿಂತ ಮುಂಚಿನದೊಂದು ನನಗೆ ಇನ್ನೂ ಪ್ರಿಯ. 2004ರ ‘ಮದರ್ ಟಂಗ್’. ಅಮೆರಿಕದಲ್ಲಿ ಭಾರತೀಯರನ್ನು ಕಂಡವರು, ನೀವು ಇಂಡಿಯನ್ ಮಾತಾಡುತ್ತೀರಾ ಅಂತ ಕೇಳುವುದುಂಟಲ್ಲ. ಆ ಪೆದ್ದು ಪ್ರಶ್ನೆಗೆ ಅಲ್ಲಿನ ಭಾರತೀಯರು ತಂತಮ್ಮ ಭಾಷೆಯಲ್ಲಿ ಕೊಟ್ಟ ಉತ್ತರಗಳನ್ನು ಮಹಾಂತಪ್ಪ ಮುದ್ರಿಸಿಕೊಂಡರು. ಮಾತಿನ ಏರಿಳಿತವನ್ನು ಸ್ವರಕ್ಕೆ ಇಳಿಸಿ, ಅದರ ಮೇಲೆ ರಚನೆಗಳನ್ನು ಕಟ್ಟಿದರು. ತಮಿಳು, ತೆಲುಗು, ಕೊಂಕಣಿ, ಗುಜರಾತಿ, ಮಲಯಾಳ ಇವೆ. ಒಂದರ ಹೆಸರು ‘ಕನ್ನಡ’. ಅದನ್ನೇ ಈಗ ಹಾಕುತ್ತೇನೆ, ಆಮೇಲೆ ಪ್ರಶ್ನೆಗಳು. ಸ್ಯಾಕ್ಸೋಫೋನಿನ ಹಿಂದೆ ಒಂದು ಕನ್ನಡದ ವಾಕ್ಯ ಇದೆ, ಶಬ್ದ ಕಳಚಿ ಧಾಟಿ ಮಾತ್ರ ಉಳಿದಿದೆ. ನಾನು ಎಷ್ಟು ಸಲ ಕೇಳಿದರೂ ಮೊದಲ ಎರಡು ಪದ ಹಿಡಿದ ಹಾಗಾಗಿ ಮತ್ತೆ ತಪ್ಪಿಹೋಗುತ್ತದೆ. ನಿಮ್ಮಲ್ಲಿ ಯಾರಿಗಾದರೂ ಪೂರ್ತಿ ಸಿಕ್ಕರೆ ಕೈ ಎತ್ತಿ. ಹಾಂ, ಸ್ಪೀಕರ್ ಎರಡೂ ಕಡೆ ಕೇಳುತ್ತಿದೆಯಾ, ಒಮ್ಮೆ ನೋಡಿಬಿಡಿ.